ಕಹಿಯನ್ನು ಮೊದಲು ಹೇಳಿದ್ದು

ತಿರುಪ್ಪೂರಿಗೆ ಬಂದ ಮೊದಲ ದಿನ ಬೆಳಿಗ್ಗೆ ನನ್ನ ಕೈಗೆ ಒಂದು ಎಡತೋಳು ಕೊಟ್ಟರು.

ಓದುಗರು ಗಾಬರಿಯಾಗಬಾರದು. ಬಟ್ಟೆಯ ತೋಳು, ಹೊರದೇಶಕ್ಕೆ ಹೋಗುವ ಟೀ ಶರಟಿನದು. ಅದನ್ನು ಶರಟಿನ ಮೈಗೆ ಸೇರಿಸಿ, ಓವರ್‌ಲಾಕ್ ಮೆಷಿನ್ನಿನಲ್ಲಿ ಹೊಲಿದು, ಪಕ್ಕಕ್ಕೆ ದಾಟಿಸಬೇಕು. ಬಲತೋಳು ಎಲ್ಲಿ ಎಂದು ಕೇಳಿದೆ. ಬಲತೋಳಿಗೆ ಒಡಿಶಾದ ಹೆಣ್ಣುಮಗಳೊಬ್ಬಳು ಪಕ್ಕದಲ್ಲೇ ಕೂತಿದ್ದಳು. ಕುತ್ತಿಗೆಯ ಪಟ್ಟಿ ಇನ್ನೊಬ್ಬರದು, ಕೆಳಗಿನ ಮಡಿಕೆ ಮತ್ತೊಬ್ಬರದು. ಚಳ್ಳಕೆರೆಯ ಸಂತೆಯ ಹಿಂದಿನ ಗಲ್ಲಿಯಲ್ಲಿ ವರ್ಷಗಟ್ಟಲೆ ಅಂಗಡಿ ಇಟ್ಟುಕೊಂಡು, ಗಿರಾಕಿಯನ್ನು ಒಮ್ಮೆ ಕಣ್ಣಲ್ಲೇ ಅಳೆದು, ಕಾಲರಿನಿಂದ ಕಾಜದವರೆಗೆ ಇಡೀ ಅಂಗಿಯನ್ನು ಒಬ್ಬನೇ ಹೊಲಿದುಕೊಡುತ್ತಿದ್ದ ತಿಪ್ಪೇಸ್ವಾಮಿ ಟೈಲರ್, ಅಂದರೆ ಈ ಲೇಖನದ ಕರ್ತೃ, ಆ ದಿನದಿಂದ ಜಗತ್ತಿನ ಎಡತೋಳುಗಳ ಉಸ್ತುವಾರಿಗೆ ನೇಮಕಗೊಂಡನು. ಮೂರು ವರ್ಷವಾಗುತ್ತ ಬಂತು. ಈ ಊರಿನಲ್ಲಿ ನಾನಿನ್ನೂ ಒಂದು ಪೂರ್ತಿ ಅಂಗಿಯನ್ನು ಹೊಲಿದಿಲ್ಲ.

ಇದನ್ನು ದೂರು ಹೇಳಲು ಬರೆಯುತ್ತಿಲ್ಲ. ಚಳ್ಳಕೆರೆ, ಮೊಳಕಾಲ್ಮುರು ಕಡೆಯವರಿಗೆ ವರ್ತಮಾನ ತಿಳಿಸಲು ಬರೆಯುತ್ತಿದ್ದೇನೆ. ವರ್ತಮಾನ ತಿಳಿಸುವುದು ನಮ್ಮ ಸೀಮೆಯಲ್ಲಿ ಹಳೆಯ ಉದ್ಯೋಗವೇ. ಜಟಿಂಗ ರಾಮೇಶ್ವರದ ಗುಡ್ಡದಲ್ಲಿ ಒಬ್ಬ ಚಕ್ರವರ್ತಿ ಪ್ರಜೆಗಳಿಗೆ ಹೇಳಬೇಕಾದ್ದನ್ನೆಲ್ಲ ಬಂಡೆಯ ಮೇಲೆ ಕೆತ್ತಿಸಿ ಹೋಗಿದ್ದಾನೆ. ಗುಡ್ಡ ಹತ್ತಿದ ಭಕ್ತರು ಅದರ ನೆರಳಿನಲ್ಲಿ ಕೂತು ಬುತ್ತಿ ಬಿಚ್ಚುತ್ತಾರೆ. ಹೇಳಿದವನ ಕರ್ತವ್ಯ ಮುಗಿಯಿತು. ಕೇಳಿದವರು ಏನು ಮಾಡಿದರು ಎಂಬುದನ್ನು ಅವನು ನಿಂತು ನೋಡಲಿಲ್ಲ. ನಾನು ನೋಡಿದೆ. ಅದೇ ಈ ಕಥೆ.

ನಾನು ಇಲ್ಲಿಗೆ ಬಂದ ಬಗೆಯನ್ನು ಮೊದಲು ಹೇಳಬೇಕು. ಜನ ಸಿದ್ಧ ಉಡುಪಿಗೆ ಒಲಿದ ಮೇಲೆ ನನ್ನ ಅಂಗಡಿಗೆ ಬರುತ್ತಿದ್ದವರು ಎರಡೇ ಬಗೆಯವರು: ಪ್ಯಾಂಟಿನ ಕಾಲು ಗಿಡ್ಡ ಮಾಡಿಸುವವರು ಮತ್ತು ಜಿಪ್ಪು ಹಾಕಿಸುವವರು. ಒಂದು ದಿನ ಅಂಗಡಿಯನ್ನು ಮೊಬೈಲ್ ಕವರು ಮಾರುವವನಿಗೆ ಬಿಟ್ಟುಕೊಟ್ಟು, ಚಳ್ಳಕೆರೆಯಲ್ಲೇ ಇದ್ದ ಒಂದು ಹೊಲಿಗೆ ತರಬೇತಿ ಕೇಂದ್ರಕ್ಕೆ ಸೇರಿದೆ. ಕಲಿಸಿ, ದೂರದೂರಿನಲ್ಲಿ ಕೆಲಸವನ್ನೂ ಕೊಡಿಸುತ್ತಾರೆ ಎಂದಿದ್ದರು. ಅಲ್ಲಿ ಎಲ್ಲರೂ ಆಗತಾನೆ ಮೀಸೆ ಬಂದವರು. ವಯಸ್ಸಿನ ಮಿತಿಯ ಕೊನೆಯ ಮೆಟ್ಟಿಲಿನಲ್ಲಿ ನಿಂತಿದ್ದ ನನ್ನನ್ನು ಅವರು ಮೊದಲ ದಿನ ಮೇಷ್ಟ್ರು ಎಂದು ತಿಳಿದು ಎದ್ದು ನಿಂತರು. ನಿಜವಾದ ಮೇಷ್ಟ್ರು ಬಂದಾಗ ಯಾರೂ ಏಳಲಿಲ್ಲ.

ಕೇಂದ್ರದಲ್ಲಿ ಉದ್ಯೋಗ ಸಮಾಲೋಚಕ ಎಂಬ ಗಂಭೀರ ಹುದ್ದೆಯ ಒಬ್ಬ ಹುಡುಗನಿದ್ದ. ಒಳ್ಳೆಯವನು. ಅವನೂ ತಿರುಪ್ಪೂರು ನೋಡಿರಲಿಲ್ಲ. ಕಂಪನಿಯವರು ಕಳಿಸಿದ ವಿಡಿಯೊ ನಮಗೆ ತೋರಿಸಿದ. ದೊಡ್ಡ ಗೇಟು, ಗೇಟಿನ ಒಳಗೆ ಹಸಿರು ಹುಲ್ಲು, ಹುಲ್ಲಿಗೆ ಪೈಪಿನಲ್ಲಿ ನೀರು ಬಿಡುತ್ತಿರುವ ಒಬ್ಬ ಮನುಷ್ಯ. ಆಮೇಲೆ ಮೆಷಿನ್ನು, ಜನ, ಊಟದ ಮನೆ ಎಲ್ಲ ಬಂದಿರಬೇಕು. ನಮ್ಮಲ್ಲಿ ಯಾರಿಗೂ ಅದು ನೆನಪಿಲ್ಲ. ಬಿಂದಿಗೆ ಸಾಲಿನಲ್ಲಿ ನಿಂತು ಬೆಳೆದ ಜನ ನಾವು. ದನ ಕೂಡ ಮೇಯದ ಹುಲ್ಲಿಗೆ ನೀರು ಬಿಡುವ ಊರು ಎಂದ ಮೇಲೆ ಅಲ್ಲಿ ಇನ್ನೇನು ಕೊರತೆ ಇದ್ದೀತು ಎಂದು ಇಡೀ ತರಗತಿ ತೀರ್ಮಾನಿಸಿತು. ‘ಏನಾದರೂ ಕೇಳೋದಿದೆಯಾ’ ಎಂದ ಸಮಾಲೋಚಕ. ಕಲಿಸಿದವರಿಗೆ ಎದುರು ಪ್ರಶ್ನೆ ಹಾಕುವುದು ನಮ್ಮ ಕಡೆ ಮರ್ಯಾದೆಯಲ್ಲ. ಎಲ್ಲರೂ ಕೈ ಎತ್ತಿದೆವು, ಹೋಗುತ್ತೇವೆ ಎಂದು.

ನನ್ನ ಜೊತೆ ಬಂದವರಲ್ಲಿ ಪರಶುರಾಂಪುರದ ಗಾದಿಲಿಂಗ ಎಂಬವನಿದ್ದ. ಮೆಷಿನ್ನಿನ ಮೇಲೆ ಅವನ ಕೈ ನನಗಿಂತ ಚುರುಕು. ಬಂದ ಸಂಜೆ ಹಾಸ್ಟೆಲಿನ ಮಂಚದ ಮೇಲೆ ಕೂತು ಕೇಳಿದ:

‘ಅಣ್ಣಾ, ಹುಲ್ಲು ಎಲ್ಲೈತೆ?’

‘ಯಾವ ಹುಲ್ಲಲೇ?’

‘ಅದೇ, ವಿಡಿಯೋದಾಗೆ ನೀರು ಬಿಡ್ತಿದ್ರಲ್ಲ.’

‘ಅದು ಆಫೀಸಿನ ಮುಂದೈತಂತೆ. ನಾವು ಹಿಂದಿನ ಗೇಟಿನವರು.’

ಅವನು ವಾರ ಕಳೆದ ಮೇಲೆ ಪೆಟ್ಟಿಗೆ ಕಟ್ಟಿದ. ‘ಬಟ್ಟೆ ಹೊಲಿಯಾಕೆ ಬಂದೆ ಅಣ್ಣಾ, ನನ್ನೇ ಮೆಷಿನ್ನಿಗೆ ಹೊಲಿದಂಗಾಗೈತೆ’ ಎಂದು ಹೇಳಿ ಬಸ್ಸು ಹತ್ತಿದ. ಒಬ್ಬೊಬ್ಬರಾಗಿ ಉಳಿದವರೂ ಹೋದರು. ಕೆಲಸ ಅಷ್ಟು ಕೆಟ್ಟದ್ದಾಗಿತ್ತೆಂದಲ್ಲ. ಅವರು ಎಣಿಸಿ ಬಂದದ್ದು ಬೇರೆ ಕೆಲಸ. ಗಾದಿಲಿಂಗ ಈಗ ಪರಶುರಾಂಪುರದಲ್ಲಿ ಈರುಳ್ಳಿ ಚೀಲ ಲೋಡು ಮಾಡುತ್ತಾನೆ. ಇಲ್ಲಿನ ಸಂಗತಿ ಇದ್ದದ್ದು ಇದ್ದ ಹಾಗೆ ಮೊದಲೇ ತಿಳಿದಿದ್ದರೆ, ಒಂದೋ ಆ ಹುಡುಗ ಬರುತ್ತಲೇ ಇರಲಿಲ್ಲ, ಇಲ್ಲವೇ ಬಂದು ಇರುತ್ತಿದ್ದ. ಎರಡರಲ್ಲಿ ಯಾವುದಾದರೂ ಅವನಿಗೆ ಒಳ್ಳೆಯದೇ ಆಗುತ್ತಿತ್ತು. ಬಂದು, ಮನಸ್ಸು ಮುರಿದು, ಊರಿನಲ್ಲಿ ‘ಓಡಿಬಂದವನು’ ಅನ್ನಿಸಿಕೊಳ್ಳುವುದು ಮಾತ್ರ ತಪ್ಪುತ್ತಿತ್ತು.

ನಾನು ಉಳಿದೆ. ಧೈರ್ಯದಿಂದಲ್ಲ. ಮೊಬೈಲ್ ಕವರಿನವನು ನನ್ನ ಅಂಗಡಿಗೆ ಗಾಜಿನ ಬಾಗಿಲು ಹಾಕಿಸಿದ್ದ.

ಹಾಸ್ಟೆಲಿನಿಂದ ಆಚೆಗೆ ಬಂದು ಒಂದು ಕೋಣೆ ಹಿಡಿದದ್ದು ನನ್ನ ಮೊದಲ ವಿಜಯ. ಮನೆಯೊಡತಿ ಪಳನಿಯಮ್ಮಾಳ್, ಎಲೆಯಡಿಕೆ ಹಾಕುವ ಮುದುಕಿ. ಮೊಳಕಾಲ್ಮುರಿನ ಸಂತೆಯಲ್ಲಿ ಕಲಿತ ತೆಲುಗು ಇಲ್ಲಿ ಕೈಕೊಡುವುದಿಲ್ಲ ಎಂಬ ಭರವಸೆಯಲ್ಲಿ ನಾನು ತೆಲುಗಿನಲ್ಲಿ ಶುರುಮಾಡಿದೆ. ಆಕೆ ತಡೆದು, ‘ಕನ್ನಡ ಊರಾ ನಿಂದು? ನಮ್ಮ ಪೇಚು ನಿನಗೆ ಪುರಿಯುತ್ತಾ?’ ಎಂದಳು. ಪೇಚು ಎಂದರೆ ಮಾತು, ಪುರಿಯುವುದೆಂದರೆ ತಿಳಿಯುವುದು. ಆಕೆಯ ಹಿರಿಯರು ಎಂದೋ ನಮ್ಮ ಕಡೆಯಿಂದ ಮಗ್ಗ ಹೊತ್ತು ಬಂದ ನೇಕಾರರಂತೆ. ಮನೆಯೊಳಗೆ ಇನ್ನೂ ಕನ್ನಡವನ್ನೇ ಆಡುತ್ತಾರೆ, ಅರ್ಧ ತಮಿಳಿನಲ್ಲಿ ಅದ್ದಿ. ‘ನಾವು ಅಲ್ಲಿಂದ ಬಂದವರು’ ಎಂದು ಹೋದ ವಾರ ಬಂದವರ ಹಾಗೆ ಹೇಳಿದಳು. ಯಾವ ಊರು ಎಂದೆ. ಅದು ಅವರ ತಾತನ ತಾತನಿಗೂ ಗೊತ್ತಿರಲಿಲ್ಲವಂತೆ. ನಾವಿಬ್ಬರೂ ಕನ್ನಡ ಆಡಿಕೊಂಡೇ ಒಂದು ಗಂಟೆ ಪರಸ್ಪರ ಅರ್ಥವಾಗದೆ ಕೂತಿದ್ದು, ಕೊನೆಗೆ ಕೋಣೆ ನನ್ನದಾಯಿತು.

ಭಾಷೆಯ ವಿಷಯ ಬಂದದ್ದರಿಂದ ಹೇಳುತ್ತೇನೆ. ನಾವು ದೊಡ್ಡವರ ಜೊತೆ ಮಾತಿಗೆ ‘ರಿ’ ಹಚ್ಚುವ ಕಡೆ ಇವರು ‘ಂಗ’ ಹಚ್ಚುತ್ತಾರೆ. ಈ ಸೀಮೆಯವರು ಬೈಯುವಾಗಲೂ ಅದನ್ನು ಬಿಡುವುದಿಲ್ಲ. ತೋಳು ಸೊಟ್ಟಗಾದರೆ ನಮ್ಮ ಸೂಪರ್‌ವೈಸರು ಕಣ್ಣು ಕೆಂಪಗೆ ಮಾಡಿ ‘ಒಳುಂಗಾ ತೈಂಗ’ ಎನ್ನುತ್ತಾನೆ. ನೆಟ್ಟಗೆ ಹೊಲೀರಿ ಎಂದರ್ಥ. ಚಳ್ಳಕೆರೆಯಲ್ಲಿ ಪ್ರೀತಿಯಿಂದ ಕರೆದರೂ ‘ಲೇ’; ಇಲ್ಲಿ ಸಿಟ್ಟಿನಿಂದ ಬೈದರೂ ಬಹುವಚನ. ಮೊದಮೊದಲು ಬೈಗುಳ ತಿಂದೂ ಗೌರವ ಸಿಕ್ಕಂತಾಗಿ ನಾನು ಎದ್ದು ನಿಂತು ಕೈ ಮುಗಿಯುತ್ತಿದ್ದೆ. ಅವನು ಇದನ್ನು ವ್ಯಂಗ್ಯವೆಂದು ಭಾವಿಸಿ ಇನ್ನಷ್ಟು ಬಹುವಚನದಲ್ಲಿ ಬೈದ.

ಊಟದ್ದು ಬೇರೆ ಅಧ್ಯಾಯ. ಮೂರು ಹೊತ್ತೂ ಅನ್ನ. ಮುದ್ದೆ ಇಲ್ಲದೆ ನಾನು ಮೊದಲ ತಿಂಗಳು ಉಂಡೂ ಉಣ್ಣದವನಂತಿದ್ದೆ. ಪಳನಿಯಮ್ಮಾಳ್ ರಾಗಿ ಹಿಟ್ಟು ತಂದು ಏನೋ ಕಲಸಿ ತಂಬಿಗೆಯಲ್ಲಿ ಕೊಟ್ಟಳು. ಕುಡಿಯುವ ರಾಗಿ. ಕುಡಿದೆ. ಭಾನುವಾರ ಮಧ್ಯಾಹ್ನ ಮಾತ್ರ ಕೋಣೆಯ ಬಾಗಿಲು ಹಾಕಿಕೊಂಡು, ಕಳ್ಳತನ ಮಾಡುವವನಂತೆ, ಒಂದು ಕೋಲು ಗಿಟ್ಟಿಸಿ ಮುದ್ದೆ ತೊಳಸುತ್ತಿದ್ದೆ. ಒಬ್ಬನಿಗೆ ಮುದ್ದೆ ಕಟ್ಟುವುದು ಬಹಳ ಬೇಸರದ ಕೆಲಸ ಎಂದು ಆಗ ತಿಳಿಯಿತು. ನಾನು ಮದುವೆಯಾದವನಲ್ಲ, ಅದರ ಕಾರಣಗಳು ಇನ್ನೊಂದು ಗ್ರಂಥಕ್ಕಾಗುವಷ್ಟಿವೆ. ಊರಿನಲ್ಲಿ ಅಣ್ಣನ ಮನೆಯಲ್ಲಿ, ಅತ್ತಿಗೆ ಮಾರಕ್ಕ ಹಾಕಿದ ಮುದ್ದೆ ತಿಂದುಕೊಂಡು, ಅವರ ಮಗಳು ಭಾಗ್ಯಳನ್ನು ಭುಜದ ಮೇಲೆ ಹೊತ್ತು ಬೆಳೆಸಿದವನು. ನಮ್ಮೂರು ಬಿ.ಜಿ. ಕೆರೆಯಲ್ಲಿ ಅವಳ ಮೊದಲ ಲಂಗದಿಂದ ಕಾಲೇಜಿನ ಚೂಡಿದಾರದವರೆಗೆ ಎಲ್ಲ ನನ್ನ ಹೊಲಿಗೆಯೇ. ನನ್ನ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಕಾಜ ಮಾಡುತ್ತ ಮಾಡುತ್ತ ಅವಳಿಗೆ ಹೊಲಿಗೆ ಬಂತು. ಬಂತು ಎಂದರೆ, ನಾನು ಕಲಿಸಲಿಲ್ಲ.

ಆ ಭಾಗ್ಯ ಕಳೆದ ವರ್ಷ ಅದೇ ತರಬೇತಿ ಕೇಂದ್ರಕ್ಕೆ ಸೇರಿದಳು. ನನಗೆ ಆದ ಸಂತೋಷವನ್ನು ಏನೆಂದು ಬರೆಯಲಿ. ಪಳನಿಯಮ್ಮಾಳಿಗೆ ಹೇಳಿ, ಮಹಡಿಯ ಮೇಲಿನ ಕೋಣೆಯನ್ನು ಅವಳಿಗಾಗಿ ಖಾಲಿ ಇಡಿಸಿದೆ. ಹಾಸ್ಟೆಲು ಬೇಡ, ನಮ್ಮ ಹುಡುಗಿ ನಮ್ಮ ಕಣ್ಣಳತೆಯಲ್ಲಿ ಇರಲಿ. ನಮ್ಮ ಲೈನಿನಲ್ಲಿ ಒಂದು ಮೆಷಿನ್ನು ಖಾಲಿ ಆಗುವುದಿತ್ತು. ಸೂಪರ್‌ವೈಸರಿಗೆ ಬಹುವಚನದಲ್ಲೇ ಕೇಳಿಕೊಂಡು ಒಪ್ಪಿಸಿದ್ದೆ. ಅವಳು ಬಂದರೆ ಭಾನುವಾರದ ಮುದ್ದೆಗೆ ಇಬ್ಬರಾಗುತ್ತೇವೆ ಎಂಬ ಸ್ವಾರ್ಥವೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ.

ತರಬೇತಿ ಮುಗಿಯುವ ಹೊತ್ತಿಗೆ ಒಂದು ಸಂಜೆ ಅವಳ ಫೋನು ಬಂತು.

‘ಚಿಗಪ್ಪ, ನಾಳಿದ್ದು ತಿರುಪ್ಪೂರಿಗೆ ಹೋಗೋರ ಹೆಸರು ಬರ್ಕೊಳ್ತಾರಂತೆ. ಇಲ್ಲಿ ಎಲ್ಲ ಬಂಗಾರ ಅಂತಾನೇ ಹೇಳ್ತಾರೆ. ನೀನು ನಿಜ ಹೇಳು, ಹೆಂಗೈತೆ?’

ನನಗೆ ಗಾದಿಲಿಂಗ ನೆನಪಾದ. ಈ ಮಗುವಿಗೆ ಹಾಗಾಗಬಾರದು. ಬಂದು ಒಂದು ವಾರಕ್ಕೆ ಕಣ್ಣು ತುಂಬಿಕೊಂಡು ಹೋಗುವುದಕ್ಕಿಂತ ಮೊದಲೇ ಎಲ್ಲ ತಿಳಿದು ಬರಲಿ. ನಾನು ಹಳೆಯ ಪದ್ಧತಿಯವನು. ಯುಗಾದಿಯ ದಿನ ಬೇವು ಮೊದಲು ಕಡಿದು ಬೆಲ್ಲವನ್ನು ಆಮೇಲೆ ಚಪ್ಪರಿಸಬೇಕು ಎಂದು ನಂಬಿದವನು. ಕಹಿಯನ್ನೆಲ್ಲ ಮೊದಲು ಹೇಳಿ ಮುಗಿಸಿ, ಕೊನೆಗೆ ಸಿಹಿ ಹೇಳಿದರೆ, ಬಾಯಲ್ಲಿ ಸಿಹಿ ಉಳಿಯುತ್ತದೆ ಎಂದು ಲೆಕ್ಕ ಹಾಕಿ, ಗಂಟಲು ಸರಿಮಾಡಿಕೊಂಡು ಶುರುಮಾಡಿದೆ.

ದಿನಪೂರ್ತಿ ಒಂದೇ ಹೊಲಿಗೆ, ಇಡೀ ಅಂಗಿಯನ್ನು ಕಣ್ಣಿನಲ್ಲೂ ನೋಡುವುದಿಲ್ಲ ಎಂದೆ. ಬಟ್ಟೆಯ ನಾರು ಮೂಗಿಗೆ ಹೋಗುತ್ತದೆ, ರಾತ್ರಿ ಸೀನಿದರೆ ಬಣ್ಣ ಬರುತ್ತದೆ ಎಂದೆ. ಕೆಲಸದ ಹೊತ್ತಿನಲ್ಲಿ ಫೋನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಾರೆ, ಮೂತ್ರಕ್ಕೆ ಹೋಗಲೂ ಹೇಳಿ ಹೋಗಬೇಕು, ಆರ್ಡರು ಬಂದಾಗ ಭಾನುವಾರವೂ ಕರೆಯುತ್ತಾರೆ ಎಂದೆ. ಹಬ್ಬಕ್ಕೆ ರಜೆ ಅವರ ಪಂಚಾಂಗದ್ದು, ನಮ್ಮದಲ್ಲ ಎಂದೆ. ಮುದ್ದೆ ಇಲ್ಲವೆಂದೆ. ಇಷ್ಟನ್ನೂ ಉತ್ಪ್ರೇಕ್ಷೆ ಇಲ್ಲದೆ, ಸಾಕ್ಷಿ ಹೇಳುವವನ ಗಾಂಭೀರ್ಯದಿಂದ ಹೇಳಿದೆ.

ನಾನು ಮರೆತದ್ದು ಒಂದು. ನಮ್ಮ ಮನೆಗಳಲ್ಲಿ ದೂರದೂರಿನಿಂದ ಮಾತು ಬಂದರೆ ಫೋನನ್ನು ಒಬ್ಬರೇ ಕಿವಿಗೆ ಒತ್ತಿಕೊಳ್ಳುವುದು ಸ್ವಾರ್ಥ ಎನ್ನಿಸಿಕೊಳ್ಳುತ್ತದೆ. ಅಂಗಳದ ಒರಳುಕಲ್ಲಿನ ಮೇಲೆ ಅದನ್ನಿಟ್ಟು, ಸ್ಪೀಕರ್ ಹಾಕಿ, ಎಲ್ಲರೂ ಸುತ್ತ ಕೂರುತ್ತಾರೆ. ಪಕ್ಕದ ಮನೆಯವರೂ ಬರುತ್ತಾರೆ. ಇದು ನನಗೆ ಗೊತ್ತಿಲ್ಲದ್ದಲ್ಲ. ಹಾಗೆ ಕೂತು ಬೇರೆಯವರ ಫೋನು ಕೇಳಿದವನೇ ನಾನು. ಎರಡು ವರ್ಷ ಒಂಟಿಯಾಗಿ ಕಿವಿಗೆ ಫೋನು ಒತ್ತಿಕೊಂಡು ಅಭ್ಯಾಸವಾಗಿ, ಆ ತುದಿಯಲ್ಲೂ ಒಂದೇ ಕಿವಿ ಇದೆ ಎಂದುಕೊಂಡೆ.

‘ಜೈಲಿದ್ದಂಗೈತಲ್ಲೇ ಮಾರಕ್ಕ’ ಎಂದು ಯಾವುದೋ ಹೆಂಗಸಿನ ದನಿ ಕೇಳಿತು. ಆಮೇಲೆ ಅತ್ತಿಗೆಯ ದನಿ:

‘ಸಾಕು ಬಿಡು ತಿಪ್ಪೇಶಿ. ಮೂಗಿನಾಗೆ ನೂಲು ಹೋಗ್ತೈತಾ? ಉಚ್ಚೆಗೂ ಕೇಳಿ ಹೋಗ್ಬೇಕಾ? ಎರಡು ವರ್ಷದಿಂದ ಹಿಂಗಿದ್ಕೊಂಡು ಯಾಕಪ್ಪ ನಮಗೆ ಹೇಳ್ಲಿಲ್ಲ?’

‘ಅತ್ತಿಗೆ, ಇನ್ನೂ ಮುಗಿದಿಲ್ಲ. ಒಳ್ಳೇದೂ ಐತೆ, ಅದಕ್ಕೇ ಬರ್ತಿದ್ದೆ.’

‘ಏನು ಒಳ್ಳೇದು ಇದ್ದೀತು. ನೀನೊಬ್ಬ ಪಡೋದು ಸಾಲ್ದಾ?’ ಎಂದು ಅಳುತ್ತಲೇ ಫೋನು ಇಟ್ಟರು.

ಒಳ್ಳೆಯದು ನನ್ನ ಬಾಯಲ್ಲೇ ಉಳಿಯಿತು. ತಲೆಯ ಮೇಲೆ ಫ್ಯಾನು ತಿರುಗುತ್ತದೆ, ಸಂಬಳ ಹೇಳಿದ ದಿನಕ್ಕೆ ಬರುತ್ತದೆ, ಲೈನಿನಲ್ಲಿ ಕೂತವರ ಜಾತಿ ಯಾವುದೆಂದು ಯಾರೂ ಕೇಳುವುದಿಲ್ಲ, ಹೆಣ್ಣುಮಕ್ಕಳು ಭಾನುವಾರ ತಮ್ಮ ದುಡ್ಡಿನಲ್ಲಿ ತಮಗೆ ಬೇಕಾದ ಚಪ್ಪಲಿ ಕೊಳ್ಳುತ್ತಾರೆ, ಮಹಡಿಯ ಮೇಲೆ ಗಾಳಿ ಬರುವ ಒಂದು ಕೋಣೆ ಕಾಯುತ್ತಿದೆ. ಮರುದಿನ ಫೋನು ಮಾಡಿ ಇದನ್ನೆಲ್ಲ ಹೇಳಹೋದೆ. ಅತ್ತಿಗೆ, ‘ಈಗ ಬೆಲ್ಲ ಹಚ್ಚಬ್ಯಾಡ’ ಎಂದರು. ಅದಕ್ಕೂ ಮರುದಿನ ಹೆಸರು ಬರೆದುಕೊಂಡರು. ಭಾಗ್ಯಳ ಹೆಸರು ಇರಲಿಲ್ಲ.

ಇಷ್ಟಕ್ಕೇ ನಿಲ್ಲಲಿಲ್ಲ. ಭಾಗ್ಯಳ ಫೋನು ಬಂದ ಮಾತನ್ನೆಲ್ಲ ತಾನಾಗಿಯೇ ಹಿಡಿದಿಟ್ಟುಕೊಳ್ಳುತ್ತದಂತೆ. ಜೊತೆಯವರು ಕೇಳಿದರೆಂದು ಅವಳು ನನ್ನ ಸಾಕ್ಷ್ಯವನ್ನು ಅವರಿಗೂ ಕೇಳಿಸಿದಳು. ಅದು ತರಗತಿಯ ಫೋನುಗಳಲ್ಲೆಲ್ಲ ಸುತ್ತಿತು. ಅರ್ಧಕ್ಕೆ ನಿಂತ ಸಾಕ್ಷ್ಯ; ಬರೀ ಬೇವು. ಹಲವರು ಹೆಸರು ಹಿಂದಕ್ಕೆ ತೆಗೆದುಕೊಂಡರು. ಸಮಾಲೋಚಕ ನನಗೆ ಫೋನು ಮಾಡಿ, ‘ತಿಪ್ಪೇಸ್ವಾಮಿಯವರೇ, ನೀವು ನಮ್ಮ ಹಿತೈಷಿಗಳು ಅಂತ ತಿಳ್ಕೊಂಡಿದ್ದೆ’ ಎಂದ. ಆ ದನಿಯಲ್ಲಿದ್ದ ದುಃಖ ನಿಜವಾದದ್ದು. ನನ್ನದೂ ನಿಜವೇ.

ಕೆಲವರು ಬಂದರು. ನಾನು ಅವರನ್ನು ಎದುರುಗೊಳ್ಳಲು ಸ್ಟೇಷನ್ನಿಗೆ ಹೋಗಿದ್ದೆ. ಯುದ್ಧಕ್ಕೆ ಹೊರಟವರ ಹಾಗೆ ಇಳಿದರು. ಮೂಗಿಗೆ ಕಟ್ಟಿಕೊಳ್ಳಲು ಹಳೆ ಸೀರೆಯ ತುಂಡು, ಪೆಟ್ಟಿಗೆಗೆ ಬೀಗ, ರಾಗಿ ಹಿಟ್ಟಿನ ಗಂಟು. ಮೊಳಕಾಲ್ಮುರು ಕಡೆಯ ಲಕ್ಷ್ಮೀದೇವಿ ಎಂಬ ಹುಡುಗಿ, ಮನೆಯಲ್ಲಿ ತೆಲುಗು ಆಡುವವಳು, ಮುದ್ದೆ ಕೋಲನ್ನೂ ತಂದಿದ್ದಳು. ಮಾರನೆಯ ದಿನ ಲೈನಿನೊಳಗೆ ಕಾಲಿಟ್ಟು ಮೇಲೆ ನೋಡಿ, ‘ಅಣ್ಣಾ, ಫ್ಯಾನು ಐತಲ್ಲ. ನೀವು ಹೇಳ್ಲೇ ಇಲ್ಲ’ ಎಂದಳು.

‘ಫ್ಯಾನಿಗೆ ಬರೋದ್ರಾಗೆ ಫೋನು ಕಟ್ಟಾಯ್ತಮ್ಮ’ ಎಂದೆ.

ಕೇಡನ್ನು ಮಾತ್ರ ಕೇಳಿ ಬಂದ ಇವರು ಒಬ್ಬರೂ ಓಡಿಹೋಗಲಿಲ್ಲ. ತಿಂಗಳುಗಳು ಕಳೆದವು. ಇದ್ದಾರೆ. ಹುಲ್ಲು ನೋಡಿ ಬಂದ ನಮ್ಮವರು ಹೋದರು, ಬೇವು ತಿಂದು ಬಂದ ಇವರು ನಿಂತರು. ಇದನ್ನು ನೋಡಿ ನನಗೆ ಹೆಮ್ಮೆಯಾಗಬೇಕಿತ್ತು. ಸಂಜೆ ಮೆಟ್ಟಿಲು ಹತ್ತುವಾಗ ಮಹಡಿಯ ಕೋಣೆಯ ಬೀಗ ಕಾಣುತ್ತಿತ್ತು. ನಾನು ಹೇಳಿದ್ದು ನನ್ನ ಹುಡುಗಿಗಾಗಿ; ಅದು ಕೆಲಸಕ್ಕೆ ಬಂದದ್ದು ಬೇರೆಯವರ ಹುಡುಗಿಯರಿಗೆ.

ದೀಪಾವಳಿಗೆ ಇಲ್ಲಿನ ಹೊಲಿಗೆ ಕಾರ್ಖಾನೆಗಳೆಲ್ಲ, ಇವರ ಬಾಯಲ್ಲಿ ಬನಿಯನ್ ಕಂಪನಿಗಳು, ಬಾಗಿಲು ಹಾಕುತ್ತವೆ. ಊರಿಗೆ ಹೊರಟೆ. ಭಾಗ್ಯ ಮನೆಯಲ್ಲಿ ಕೂತು ಅಕ್ಕಪಕ್ಕದವರ ರವಿಕೆ ಹೊಲಿಯುತ್ತಿರುತ್ತಾಳೆ ಎಂದೇ ನನ್ನ ಕಲ್ಪನೆ. ಚಳ್ಳಕೆರೆಯಲ್ಲಿ ಬಸ್ಸಿಳಿದು ಅಣ್ಣನಿಗೆ ಫೋನು ಮಾಡಿದರೆ, ‘ಭಾಗ್ಯ ಅಲ್ಲೇ ಐದಾಳೆ, ಶೇಂಗಾ ಮಿಲ್ಲಿನಾಗೆ. ಜೊತೆಗೇ ಬಂದ್ಬಿಡ್ರಿ’ ಎಂದ, ಅದು ಎಲ್ಲರಿಗೂ ಗೊತ್ತಿರುವ ಸಂಗತಿಯೆಂಬಂತೆ.

ಊರ ಹೊರಗಿನ ಒಂದು ತಗಡಿನ ಷೆಡ್ಡು. ಸುಲಿದ ಶೇಂಗಾ ಬೀಜವನ್ನು ನೆಲದ ಮೇಲೆ ರಾಶಿ ಹಾಕಿದ್ದರು. ಹೆಂಗಸರು ಸುತ್ತ ಕುಕ್ಕರಗಾಲಿನಲ್ಲಿ ಕೂತು ಕೆಟ್ಟ ಬೀಜ, ಕಲ್ಲು ಆರಿಸುತ್ತಿದ್ದರು. ಸ್ವಾರೆಯ, ಅಂದರೆ ಬೀಜದ ಕೆಂಪು ಹೊಟ್ಟಿನ, ಧೂಳು ಬೆಳಕಿನಲ್ಲಿ ನಿಂತಿತ್ತು. ಭಾಗ್ಯ ಮೂಗಿಗೆ ಏನೂ ಕಟ್ಟಿಕೊಂಡಿರಲಿಲ್ಲ. ನನ್ನನ್ನು ಕಂಡು ಎದ್ದು ಬಂದಳು. ಕಾಜ ಮಾಡುವ ಆ ಬೆರಳುಗಳ ತುದಿ ಕಂದಿತ್ತು.

‘ಯಾವಾಗಿಂದ ಇಲ್ಲಿ?’ ಎಂದೆ.

‘ಟ್ರೈನಿಂಗ್ ಮುಗಿದ ಮೇಲಿಂದ. ನೀನು ಹೋದ ಮ್ಯಾಲೆ ಪಿಯುಸಿ ರಜದಾಗೂ ಬರ್ತಿದ್ನಲ್ಲ ಚಿಗಪ್ಪ, ನಿಂಗೆ ಗೊತ್ತಿಲ್ವಾ.’

‘ಯಾರೂ ಹೇಳ್ಲಿಲ್ಲ ನಂಗೆ.’

‘ಇದನ್ನೇನು ಹೇಳ್ತಾರೆ. ಊರಾಗಿನ ಕೆಲಸ.’ ವೇಲಿನ ತುದಿಯಿಂದ ಮುಖ ಒರೆಸಿಕೊಂಡಳು. ಆಮೇಲೆ ನಗುತ್ತ ಹೇಳಿದಳು: ‘ಅಲ್ಲಿ ಉಚ್ಚೆಗೆ ಕೇಳಿ ಹೋಗ್ಬೇಕು ಅಂದ್ಯಲ್ಲ. ಇಲ್ಲಿ ಆ ತೊಂದ್ರೆ ಇಲ್ಲ. ಹೋಗಾಕೆ ಜಾಗಾನೇ ಇಲ್ಲ. ಬೆಳಿಗ್ಗೆಯಿಂದ ನೀರು ಕುಡಿಯಲ್ಲ ನಾವು.’

ನಾನು ಕೈಯಲ್ಲಿದ್ದ ನೀರಿನ ಬಾಟಲಿಯನ್ನು ಚೀಲದೊಳಗೆ ಇಟ್ಟೆ.

‘ನೀನು ಫೋನಿನಾಗೆ ಒಂದೊಂದೇ ಹೇಳ್ತಾ ಹೋದಂಗೂ ನಂಗೆ ಇಷ್ಟೇನಾ ಅನ್ನಿಸ್ತಿತ್ತು. ಅವ್ವಂಗೆ ಇಷ್ಟೊಂದಾ ಅನ್ನಿಸ್ತು.’

ಈ ಷೆಡ್ಡಿನ ವಿಡಿಯೊ ಯಾರೂ ತೆಗೆದಿಲ್ಲ. ಇದಕ್ಕೆ ಸಮಾಲೋಚಕರಿಲ್ಲ. ಇಲ್ಲಿ ಹೇಗಿದೆ ಎಂದು ಯಾರೂ ಯಾರಿಗೂ ಫೋನು ಮಾಡಿ ಕೇಳುವುದಿಲ್ಲ. ದೂರದ ಕೆಲಸಕ್ಕೆ ಮಾತ್ರ ಒಳ್ಳೆಯದು, ಕೆಟ್ಟದ್ದು. ಊರಿನ ಕೆಲಸಕ್ಕೆ ಅವೆರಡೂ ಇಲ್ಲ, ಅದು ಬರೀ ಇರುತ್ತದೆ. ನಾನು ತಿರುಪ್ಪೂರಿನ ನಾರಿನ ಬಗ್ಗೆ ಅಷ್ಟು ಹೇಳಿದೆ. ಈ ಸ್ವಾರೆಯ ಬಗ್ಗೆ ಒಂದು ಮಾತು ಹೇಳಿರಲಿಲ್ಲ. ಹೇಳುವುದಕ್ಕೆ ನನಗೆ ಗೊತ್ತಿದ್ದರೆ ತಾನೆ.

ರಾತ್ರಿ ಅತ್ತಿಗೆ ಮುದ್ದೆ ಹಾಕಿದರು. ಎರಡನೆಯದನ್ನು ನಾನು ಕೇಳದೆಯೇ ಹಾಕಿದರು. ಭಾಗ್ಯ ಒಲೆಯ ಹತ್ತಿರ ಕೂತಿದ್ದಳು. ಸಮಯ ನೋಡಿ ಮಾತು ತೆಗೆದೆ.

‘ಅತ್ತಿಗೆ, ಮಿಲ್ಲಿನಾಗೆ ಭಾಳ ಧೂಳು ಐತೆ.’

‘ಧೂಳು ಎಲ್ಲಿಲ್ಲ ತಿಪ್ಪೇಶಿ. ಇದು ನಮ್ಮ ಧೂಳು.’

‘ಅಲ್ಲಿ ಮ್ಯಾಲೆ ಒಂದು ಕೋಣೆ ಐತೆ, ನನ್ನ ಕಣ್ಣ ಮುಂದೆ ಇರ್ತಾಳೆ. ಈಗ್ಲೂ ಕೇಳಿದ್ರೆ ತಗೋತಾರೆ. ನಮ್ಮ ಕಡೆ ಹುಡುಗೇರು ಐದಾರೆ. ಮೊಳಕಾಲ್ಮುರದೋಳು ಒಬ್ಬಳು...’

‘ಕಂಡೋರ ಮಕ್ಳು ಏನಾರ ಮಾಡ್ಕೊಳ್ಲಿ. ಇವಳು ಸಂಜಿಗೆ ಮನೆಗೆ ಬರ್ತಾಳೆ. ಉಂಡ್ಲಾ ಬಿಟ್ಲಾ ನಂಗೆ ಕಾಣ್ತೈತೆ.’ ನನ್ನ ತಟ್ಟೆಗೆ ಸಾರು ಬಡಿಸುತ್ತ ಹೇಳಿದರು: ‘ನೀನು ಸುಳ್ಳು ಹೇಳೋನಲ್ಲ ಅಂತ ನಂಗೆ ಗೊತ್ತು. ಅದಕ್ಕೇ ಕಳಿಸಲ್ಲ. ನೀನೂ ಬಂದ್ಬಿಡು. ಸಾಕು ಪಟ್ಟಿದ್ದು.’

ಅಣ್ಣ ಸಾರನ್ನು ನೋಡಿಕೊಂಡು ಕೂತಿದ್ದ. ಪ್ರಪಂಚದಲ್ಲಿ ನನ್ನ ಮಾತನ್ನು ಅಕ್ಷರಶಃ ನಂಬಿದ ಒಬ್ಬರೇ ವ್ಯಕ್ತಿ ಅತ್ತಿಗೆ. ಅವರು ನಂಬಿದ್ದೇ ಕೆಲಸ ಕೆಡಿಸಿತು ಎಂದು ಅವರ ಮುದ್ದೆ ತಿನ್ನುತ್ತ ಹೇಳುವುದು ಹೇಗೆ.

ಹೊರಡುವ ದಿನ ಬಸ್ಸಿನವರೆಗೆ ಭಾಗ್ಯ ಚೀಲ ಹಿಡಿದು ಬಂದಳು. ‘ನೀನೇ ಗಟ್ಟಿಯಾಗಿ ಒಂದು ಮಾತು ಅಂದ್ರೆ ಅವ್ವ ಏನೂ ಅನ್ನಲ್ಲ. ವಯಸ್ಸಿಗೆ ಬಂದೋಳು’ ಎಂದೆ.

‘ಅವ್ವ ಏನಾರ ಅಂದಿದ್ರೆ ಬಂದ್ಬಿಡ್ತಿದ್ದೆ ಚಿಗಪ್ಪ. ಅತ್ಲು. ಅಳಿಸಿ ಹೆಂಗೆ ಬರ್ಲಿ’ ಎಂದಳು. ಬಸ್ಸು ಬಂತು. ಚೀಲದ ಜೊತೆಗೆ ಒಂದು ಪೊಟ್ಟಣ ಕೊಟ್ಟಳು. ತಾನೇ ಆರಿಸಿದ ಬೀಜ, ಕಲ್ಲಿರಲ್ಲ ಎಂದಳು.

ತಿರುಪ್ಪೂರಿಗೆ ಬಂದು ಪಳನಿಯಮ್ಮಾಳಿಗೆ, ಮಹಡಿಯ ಕೋಣೆಯನ್ನು ಬೇರೆಯವರಿಗೆ ಕೊಡಿ ಎಂದು ಹೇಳಿದೆ. ಆಕೆ ಕಾರಣ ಕೇಳಲಿಲ್ಲ. ವಾರದೊಳಗೆ ಅಲ್ಲಿಗೆ ಬಿಹಾರದ ಗಂಡಹೆಂಡತಿ ಬಂದರು. ಈಗ ಮೇಲಿನಿಂದ ಮಗುವಿನ ಅಳು ಕೇಳುತ್ತದೆ.

ಆ ಭಾನುವಾರ ಲಕ್ಷ್ಮೀದೇವಿ ಊರಿನ ಸುದ್ದಿ ಕೇಳಲೆಂದು ಬಂದಳು. ಪೊಟ್ಟಣ ಬಿಚ್ಚಿ ಅವಳ ಮುಂದಿಟ್ಟೆ. ಒಂದೆರಡು ಬೀಜ ಬಾಯಿಗೆ ಹಾಕಿಕೊಂಡಳು.

‘ಭಾಗ್ಯ ಬರ್ತಾಳಂತಾ ಅಣ್ಣ?’

‘ಇಲ್ಲಮ್ಮ.’

‘ಅವರವ್ವ ಬ್ಯಾಡ ಅಂದ್ರಾ?’

‘ಹೂಂ. ಆವತ್ತು ನಾನು ಹೇಳಿದ್ದು ಕೇಳಿ ಭಾಳ ಅತ್ಕೊಂಡ್ರು.’

ಅವಳು ಇನ್ನೊಂದು ಬೀಜದ ಸಿಪ್ಪೆಯನ್ನು ಉಗುರಿನಲ್ಲಿ ನಿಧಾನವಾಗಿ ಬಿಡಿಸಿದಳು. ‘ನಮ್ಮವ್ವ ಇದ್ದಿದ್ರೆ ನನ್ನೂ ಕಳಿಸ್ತಿರ್ಲಿಲ್ಲ ಬಿಡಿ’ ಎಂದಳು.

ಅವಳಿಗೆ ತಾಯಿ ಇಲ್ಲವೆಂಬುದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಇಂಥ ಮಾತಿಗೆ ಊರಿನಲ್ಲಿ ಹಿರಿಯರು ಏನೋ ಒಂದು ಸಮಾಧಾನ ಹೇಳುತ್ತಾರೆ. ಎಷ್ಟು ಯೋಚಿಸಿದರೂ ಅದು ನನಗೆ ನೆನಪಾಗಲಿಲ್ಲ. ಇಲ್ಲಿಯವರು ಏನು ಹೇಳುತ್ತಾರೋ, ಅದನ್ನು ನಾನಿನ್ನೂ ಕಲಿತಿಲ್ಲ.